ಅಕ್ಕಿಕಾಳಿನಷ್ಟು ಗ್ರಂಥಿಗೂ ಬಿಸಿಲಿಗೂ ಏನು ನಂಟು?

1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಭಾರತದ ಒಂಟಿಕೊಂಬಿನ ಘೇಂಡಾಮೃಗವೊಂದು ಸತ್ತಿತು. ಅದರ ಭಾರೀ ಮೈಯನ್ನು ಕೊಯ್ದು ಪರೀಕ್ಷಿಸಿದ ಅಂಗರಚನಾ ತಜ್ಞ ರಿಚರ್ಡ್ ಓವೆನ್, ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಪುಟ್ಟದೊಂದು ಗಂಟನ್ನು ಗುರುತಿಸಿ ಬರೆದಿಟ್ಟ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಅವನ ಕಣ್ಣು ಹೋದದ್ದು ಎಲ್ಲಿಗೆ ನೋಡಿ! ಸ್ವೀಡನ್ನಿನ ಉಪ್ಸಾಲದಲ್ಲಿ ಇವಾರ್ ಸ್ಯಾಂಡ್‌ಸ್ಟ್ರೋಮ್ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ನಾಯಿಯಲ್ಲಿ ಕಂಡ. ಮನುಷ್ಯನಲ್ಲೂ ಅದು ಇದೆಯೆಂದು 1880ರಲ್ಲಿ ಪ್ರಕಟಿಸಿದ. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಆ ಪುಟ್ಟ ಗಂಟುಗಳೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ಇಡೀ ರಕ್ತದ ಕ್ಯಾಲ್ಸಿಯಂ ಲೆಕ್ಕವನ್ನು ಈ ನಾಲ್ಕೇ ಕಾಳು ನೋಡಿಕೊಳ್ಳುತ್ತವೆ!

ಥೈರಾಯ್ಡ್ ಆಪರೇಷನ್ನಿನ ಅಸಲಿ ಆತಂಕ ಇಲ್ಲಿದೆ. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಅದರ ಬೆನ್ನಿಗಂಟಿದ ಈ ಕಾಳುಗಳಿಗೆ ಹೋಗುವ ಕೂದಲೆಳೆಯ ರಕ್ತನಾಳಗಳು ನಲುಗಬಹುದು. ಈ ಕಾಳುಗಳು ಸುರಿಸುವ, ಕ್ಯಾಲ್ಸಿಯಂ ಇಳಿಯದಂತೆ ಕಾಯುವ ಹಾರ್ಮೋನು ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಅದು ನಿಂತರೆ ಒಂದೆರಡು ದಿನದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ತುಟಿಯ ಸುತ್ತ ಜುಮುಜುಮು ಎನ್ನುತ್ತದೆ, ಬೆರಳು ಸೆಟೆಯುತ್ತದೆ. ವಿಯೆನ್ನಾದಲ್ಲಿ ಶಸ್ತ್ರವೈದ್ಯ ಬಿಲ್‌ರೋತ್ ಗಳಗಂಡ ತೆಗೆದ ಕೆಲವು ರೋಗಿಗಳು ಹೀಗೆಯೇ ಸೆಟೆದುಕೊಂಡರು. ಕಾರಣ ಆಗ ಯಾರಿಗೂ ತಿಳಿಯದು.

ಇಲ್ಲಿಗೆ ಬಿಸಿಲು ಬರುತ್ತದೆ! ಚರ್ಮದಲ್ಲಿರುವ ಕೊಲೆಸ್ಟರಾಲಿನ ದಾಯಾದಿಯೊಂದು ಸೂರ್ಯನ ಅತಿನೇರಳೆ ಕಿರಣ ತಾಗಿದೊಡನೆ ವಿಟಮಿನ್ ಡಿ ಆಗುವ ದಾರಿ ಹಿಡಿಯುತ್ತದೆ. ಯಕೃತ್ತು ಅದನ್ನು ಒಂದು ಹಂತ ಬದಲಿಸುತ್ತದೆ. ಕಡೆಯ ತಿದ್ದುಪಡಿ ಮೂತ್ರಪಿಂಡದ್ದು. ಆಮೇಲಷ್ಟೇ ಕರುಳು ಊಟದ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರುತ್ತದೆ. ಆ ಮೂತ್ರಪಿಂಡಕ್ಕೆ 'ಕೆಲಸ ಶುರುಮಾಡು' ಎನ್ನುವವರು ಯಾರು? ಅದೇ ಅಕ್ಕಿಕಾಳುಗಳು! ಕುತ್ತಿಗೆಯಲ್ಲಿ ಹೊರಟ ಮಾತು ಸೊಂಟದ ಬಳಿ ಕೇಳಿಸುತ್ತದೆ, ಫಲ ಕರುಳಿನಲ್ಲಿ ಕಾಣುತ್ತದೆ.

ಹಾಗಾಗಿ ಆಪರೇಷನ್ನಿಗೆ ಮುಂಚೆ ತೆಗೆದ ಒಂದು ಸಿರಿಂಜ್ ರಕ್ತ ಆ ಮೈಗೆ ಎಷ್ಟು ಬಿಸಿಲು ದಕ್ಕಿದೆ ಎಂದು ಹೇಳಿಬಿಡುತ್ತದೆ. ಅದರಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಡಿ ಕೊರತೆಯಿದ್ದವರ ಪುಟ್ಟ ಗ್ರಂಥಿಗಳು ಮೊದಲೇ ಮೈಮುರಿದು ದುಡಿಯುತ್ತಿರುತ್ತವೆ. ಆ ಹೊತ್ತಿಗೇ ಕತ್ತರಿಯ ಪೆಟ್ಟು. ಅಂಥವರಲ್ಲಿ ಕ್ಯಾಲ್ಸಿಯಂ ಕುಸಿತ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ ಎಂಬುದನ್ನೂ ಸೇರಿಸಬೇಕು. ನನಗಂತೂ ಮೊದಲ ಪಕ್ಷದ ತರ್ಕವೇ ಹಿಡಿಸುತ್ತದೆ.

ಬಿಸಿಲಿಗೆ ಬರವಿಲ್ಲದ ನಮ್ಮ ದೇಶದಲ್ಲೇ ಈ ಕೊರತೆ ಮನೆಮನೆಯ ಮಾತು! ಅದಕ್ಕೇ ಹಾಲಿಗೆ ಬೆರೆಸಿ ಕುಡಿಯುವ 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ವಾರಕ್ಕೊಂದರಂತೆ ವೈದ್ಯರು ಬರೆಯುತ್ತಾರೆ. ಅದು ಮೈಯಲ್ಲಿ ತುಂಬಿಕೊಳ್ಳಲು ವಾರಗಟ್ಟಲೆ ಬೇಕು. ಆಪರೇಷನ್ನಿನ ಹಿಂದಿನ ರಾತ್ರಿ ಕುಡಿದರೆ ಆಗುವುದಿಲ್ಲ. ಕಾಳುಗಳು ಮಂಕಾಗಿ ತುಟಿ ಜುಮುಗುಟ್ಟಿದ ಮೇಲಂತೂ ಈ ಪುಡಿಯನ್ನು ನೆಚ್ಚಿ ಕೂರುವಂತಿಲ್ಲ, ಮೂತ್ರಪಿಂಡಕ್ಕೆ ಹೇಳುವವರೇ ಇಲ್ಲವಲ್ಲ! ಆಗ ಕ್ಯಾಲ್ಸಿಯಂ ಜೊತೆಗೆ ಕ್ಯಾಲ್ಸಿಟ್ರಿಯಾಲ್ ಕೊಡುತ್ತಾರೆ. ಮೂತ್ರಪಿಂಡ ಮಾಡಬೇಕಿದ್ದ ಆ ಕಡೆಯ ತಿದ್ದುಪಡಿಯನ್ನು ಔಷಧ ಕಾರ್ಖಾನೆಯಲ್ಲೇ ಮುಗಿಸಿ ತುಂಬಿದ ಗುಳಿಗೆ ಅದು.