ಜೀಪಿನಡಿ ಎಣ್ಣೆಯ ಹನಿ: ಸೀಲು ಬದಲಿಸುವ ಮುನ್ನ

ಮಡಿಕೇರಿ ಸಮೀಪದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಾಗಲಿ, ಸಕಲೇಶಪುರ, ಮೂಡಿಗೆರೆಗಳ ಕಾಫಿ ತೋಟದ ಜೀಪುಗಳಾಗಲಿ, ನಿಂತ ಜಾಗದಲ್ಲಿ ಒಂದೆರಡು ಹನಿ ಎಣ್ಣೆ ಬಿಟ್ಟು ಹೋಗುವುದು ಹೊಸತೇನಲ್ಲ. ಜೀಪು ಎಂದ ಮೇಲೆ ಸೋರಲೇಬೇಕು ಎಂದು ಮಾಲೀಕರು ಸುಮ್ಮನಾಗುವುದೂ ಉಂಟು. ಆದರೆ ಆ ಹನಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಬೀಳುತ್ತಿದ್ದರೆ ಉದಾಸೀನ ಸಲ್ಲದು. ಅಲ್ಲಿ ಸೋರುವ ಎಣ್ಣೆ ಫ್ಲೈವೀಲಿನ ವೇಗಕ್ಕೆ ಸಿಡಿದು ಕ್ಲಚ್ ಪ್ಲೇಟಿಗೂ ತಾಗಬಹುದು. ಎಣ್ಣೆ ಕುಡಿದ ಕ್ಲಚ್ ಸಮತಟ್ಟು ರಸ್ತೆಯಲ್ಲಿ ಹೇಗೋ ನಿಭಾಯಿಸುತ್ತದೆ. ಆರೇಳು ಜನರನ್ನು ತುಂಬಿಕೊಂಡು ಕಡಿದಾದ ಏರು ಹತ್ತುವಾಗ ಎಂಜಿನ್ ಅಬ್ಬರಿಸಿದರೂ ಚಕ್ರ ಮುಂದಕ್ಕೆ ಉರುಳದು.

ಎಂಜಿನ್ನಿನೊಳಗಿನ ಕ್ರ್ಯಾಂಕ್ ಶಾಫ್ಟ್ ಹಿಂಬದಿಯಿಂದ ಹೊರಬಂದು ಫ್ಲೈವೀಲನ್ನು ತಿರುಗಿಸಬೇಕು, ಆದರೆ ಅದರೊಂದಿಗೆ ಎಣ್ಣೆ ಹೊರಬರಬಾರದು. ಈ ಕಾವಲು ಕೆಲಸ ಮಾಡುವುದೇ ಹಿಂಬದಿಯ ಆಯಿಲ್ ಸೀಲು. ಹಳೆಯ ಕಾಲದ ಅನೇಕ ಎಂಜಿನ್‌ಗಳಲ್ಲಿ ಇದಕ್ಕೆ ಗ್ರಾಫೈಟ್ ಸವರಿದ ಹಗ್ಗವನ್ನೇ ಸುತ್ತಲಾಗುತ್ತಿತ್ತು. ಅಂಥ ಹಗ್ಗಗಳಲ್ಲಿ ಕಲ್ನಾರು ಇರುವ ಸಂಭವವಿದ್ದು, ಕೆರೆದು ತೆಗೆಯುವಾಗ ಧೂಳು ಏಳದಂತೆ ನೋಡಿಕೊಳ್ಳಬೇಕು. ನಂತರದ ಎಂಜಿನ್‌ಗಳಲ್ಲಿ ರಬ್ಬರಿನ ತೆಳು ತುಟಿಯೊಂದು ಶಾಫ್ಟಿಗೆ ಅಂಟಿಕೊಂಡಿರುತ್ತದೆ. ಅನೇಕ ಸೀಲುಗಳಲ್ಲಿ ಅದನ್ನು ಒತ್ತಿ ಹಿಡಿಯಲು ಹಿಂದೆ ಸಣ್ಣ ಸುರುಳಿ ಸ್ಪ್ರಿಂಗ್ ಇರುತ್ತದೆ.

ಶಾಖಕ್ಕೆ ರಬ್ಬರು ಗಡುಸಾಗುವುದು, ಕೆಸರು ನೀರು ನುಗ್ಗಿ ತುಟಿ ಸವೆಯುವುದು ಸಾಮಾನ್ಯ ಕಾರಣಗಳು. ಹೆಚ್ಚಿನವರು ಮರೆಯುವ ಕಾರಣ ಬೇರೊಂದಿದೆ. ಎಂಜಿನ್ ಉಸಿರಾಡುವ ಬ್ರೀದರ್ ಕೊಳವೆ ಕಟ್ಟಿಕೊಂಡರೆ ಒಳಗಿನ ಅನಿಲದ ಒತ್ತಡ ಏರಿ ಎಣ್ಣೆಯನ್ನು ಸೀಲಿನ ಮೂಲಕ ಹೊರದೂಡುತ್ತದೆ. ಇಂಥ ಎಂಜಿನ್ನಿಗೆ ಎಷ್ಟು ಹೊಸ ಸೀಲು ಹಾಕಿದರೂ ಸೋರಿಕೆ ಮರುಕಳಿಸುತ್ತದೆ. ಬ್ರೀದರ್ ಶುಚಿಗೊಳಿಸಲು ಖರ್ಚೇನೂ ಇಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಲೇಸು. ಅಳತೆ ಕಡ್ಡಿಯ ಗುರುತು ಮೀರಿ ಎಣ್ಣೆ ತುಂಬಿಸಿಲ್ಲವೇ ಎಂಬುದನ್ನೂ ನೋಡಬೇಕು.

ಇನ್ನು ಸೋರಿಕೆಯ ಮೂಲ ಪತ್ತೆ. ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಿಂಭಾಗದಲ್ಲಿ ಸೋರಿದರೆ ಎಣ್ಣೆ ಎಂಜಿನ್ನಿನ ಬೆನ್ನ ಮೇಲೆ ಇಳಿದು, ಸೀಲಿನಿಂದಲೇ ಬಂದಂತೆ ಬೆಲ್ ಹೌಸಿಂಗಿನ ತಳದಲ್ಲಿ ತೊಟ್ಟಿಕ್ಕುತ್ತದೆ. ಆಯಿಲ್ ಫಿಲ್ಟರ್ ಕೂರುವ ಜಾಗ, ಎಣ್ಣೆ ಒತ್ತಡದ ಸ್ವಿಚ್, ಚೇಂಬರಿನ ಪ್ಯಾಕಿಂಗ್ ಕೂಡ ಇದೇ ರೀತಿ ದಿಕ್ಕು ತಪ್ಪಿಸಬಲ್ಲವು. ಗೇರ್‌ಬಾಕ್ಸಿನ ಮುಂಬದಿ ಸೀಲು ಹೋಗಿದ್ದರೂ ಹನಿ ಬೀಳುವುದು ಅದೇ ಜಾಗದಲ್ಲಿ. ಅನೇಕ ಗೇರ್ ಎಣ್ಣೆಗಳಿಗೆ ಗಂಧಕದ ಘಾಟು ವಾಸನೆ ಇರುತ್ತದೆ. ಡೀಸೆಲ್ ಎಂಜಿನ್ ಎಣ್ಣೆ ಮಸಿಯಂತೆ ಕಪ್ಪಾಗಿರುತ್ತದೆ. ಬೆರಳಿಗೆ ಹಚ್ಚಿ ಮೂಸಿ ನೋಡುವ ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ ನಗೆಪಾಟಲಿನದಲ್ಲ. ಎಂಜಿನ್ನಿನ ಹಿಂಭಾಗವನ್ನು ಚೆನ್ನಾಗಿ ತೊಳೆದು, ಒಣಗಿಸಿ, ಮುಖದ ಪೌಡರನ್ನು ತೆಳುವಾಗಿ ಉದುರಿಸಿ ಹತ್ತಾರು ಕಿಲೋಮೀಟರ್ ಓಡಿಸಿದರೆ ಎಣ್ಣೆಯ ಗೆರೆ ಎಲ್ಲಿಂದ ಹೊರಟಿದೆ ಎಂಬುದು ಕಾಣಿಸುತ್ತದೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಟ್ಯಾಪೆಟ್ ಕವರೇ ಕಾರಣ ಎಂದು ತಿಳಿದರೆ ಇಳಿಸಿದ ಕೂಲಿಯಂತೂ ಮರಳುವುದಿಲ್ಲ.

ಸೀಲೇ ಕಾರಣವೆಂದು ಖಚಿತವಾದರೆ ಮುಂದಿನ ದಾರಿ ಎಂಜಿನ್ನಿನ ವಿನ್ಯಾಸವನ್ನು ಅವಲಂಬಿಸಿದೆ. ಅಮೆರಿಕದಲ್ಲಿ 1987ರಿಂದ 2006ರವರೆಗೆ ಜೀಪ್ ವಾಹನಗಳಲ್ಲಿ ಬಳಕೆಯಲ್ಲಿದ್ದ 4.0 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಸೀಲು ಎರಡು ಹೋಳಿನದು. ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ಎಣ್ಣೆ ಚೇಂಬರ್ ಇಳಿಸಿ, ಕೊನೆಯ ಬೇರಿಂಗಿನ ಕ್ಯಾಪ್ ಬಿಚ್ಚಿ, ಮೇಲಿನ ಹೋಳನ್ನು ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಳ್ಳಿ ಹೊರತೆಗೆಯಬಹುದು. ಹೊಸ ಸೀಲಿನ ತುಟಿ ಎಂಜಿನ್ನಿನ ಒಳಮುಖಕ್ಕೆ ಇರಬೇಕು. ಕ್ಯಾಪಿನ ಬೋಲ್ಟುಗಳನ್ನು ಬಿಗಿಯಬೇಕಾದ ಬಲ ಸುಮಾರು 108 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿಯುವ ಬೋಲ್ಟುಗಳಲ್ಲ ಇವು.

ಭಾರತದಲ್ಲಿ 1985ರಲ್ಲಿ ಬಂದ ಮಾರುತಿ ಜಿಪ್ಸಿಯಂಥ ವಾಹನಗಳಲ್ಲಿ ಸೀಲು ಒಂದೇ ಉಂಗುರ. ಅದನ್ನು ತಲುಪಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವೂ ಕೆಳಗಿಳಿಯಬೇಕು. ಸೀಲಿನ ಬೆಲೆ ಅಲ್ಪ, ಕೂಲಿಯೇ ಅಧಿಕ. ಮನೆಯಂಗಳದಲ್ಲಿ ಈ ಕೆಲಸಕ್ಕೆ ಕೈಹಾಕುವವರು ಜಾಕ್ ಒಂದನ್ನೇ ನಂಬಿ ವಾಹನದಡಿ ನುಸುಳಬಾರದು. ಗಟ್ಟಿ ಸ್ಟ್ಯಾಂಡ್‌ಗಳ ಆಧಾರ ಕಡ್ಡಾಯ. ಫ್ಲೈವೀಲ್ ಬಿಚ್ಚುವ ಮುನ್ನ ಅದು ಕುಳಿತಿದ್ದ ಸ್ಥಾನಕ್ಕೆ ಗುರುತು ಹಾಕಿಕೊಳ್ಳುವುದು ಒಳಿತು.

ಹಳೆಯ ಸೀಲನ್ನು ಕೀಳುವಾಗ ಸ್ಕ್ರೂಡ್ರೈವರಿನ ತುದಿ ಶಾಫ್ಟಿಗೆ ತಾಗಿ ಒಂದು ಗೀರು ಬಿದ್ದರೂ ಹೊಸ ಸೀಲು ಸೋರುತ್ತದೆ. ಸೀಲು ತೆಗೆದ ಬಳಿಕ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಬೇಕು. ರಬ್ಬರು ಉಕ್ಕನ್ನು ಸವೆಸೀತೇ ಎಂದು ಅಚ್ಚರಿಯಾಗಬಹುದು. ತುಟಿಗೆ ಸಿಕ್ಕಿಕೊಂಡ ಮಣ್ಣಿನ ಸೂಕ್ಷ್ಮ ಕಣಗಳು ವರ್ಷಗಟ್ಟಲೆ ಉಜ್ಜಿ ಉಕ್ಕಿನಲ್ಲೇ ಗಾಡಿ ಕೊರೆಯುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ ಶಾಫ್ಟಿಗೆ ತೆಳುವಾದ ಲೋಹದ ತೋಳು ತೊಡಿಸುವ ಉಪಾಯವಿದೆ. ಹೌಸಿಂಗಿನಲ್ಲಿ ಜಾಗವಿದ್ದರೆ ಸೀಲನ್ನು ಮಿಲಿಮೀಟರಿನಷ್ಟು ಹಿಂದೆ ಮುಂದೆ ಕೂರಿಸಿ, ತುಟಿ ಸವೆಯದ ಜಾಗದ ಮೇಲೆ ಬರುವಂತೆಯೂ ಮಾಡಬಹುದು. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಆಟ ಕಂಡುಬಂದರೆ ಬೇರಿಂಗೇ ಸವೆದಿದೆ ಎಂದರ್ಥ. ಆಗ ಬರೀ ಸೀಲು ಬದಲಿಸಿ ಪ್ರಯೋಜನವಿಲ್ಲ.

ರಬ್ಬರು ತುಟಿಗೆ ತುಸು ಎಂಜಿನ್ ಎಣ್ಣೆ ಸವರಿಯೇ ಕೂರಿಸಬೇಕು. ಟೆಫ್ಲಾನ್ ತುಟಿಯ ಸೀಲುಗಳನ್ನಾದರೋ ಸಾಮಾನ್ಯವಾಗಿ ಒಣಗಿರುವಂತೆಯೇ ಹಾಕಲಾಗುತ್ತದೆ. ತಯಾರಕರ ಸೂಚನೆ ಓದುವುದು ಅಗತ್ಯ. ಸುತ್ತಿಗೆಯಿಂದ ಒಂದೇ ಬದಿಗೆ ಬಡಿದರೆ ಸೀಲು ಓರೆಯಾಗುತ್ತದೆ. ಅದೇ ಅಳತೆಯ ಕೊಳವೆ ಇಟ್ಟು ಸುತ್ತಲೂ ಸಮನಾಗಿ ಒತ್ತುವುದು ಸರಿಯಾದ ಕ್ರಮ.

ಎಣ್ಣೆ ಹೀರಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಳಿತಾಯ ಬಹುಕಾಲ ಬಾಳದು. ಗೇರ್‌ಬಾಕ್ಸ್ ಹೇಗೂ ಕೆಳಗಿರುವಾಗ ಹೊಸ ಪ್ಲೇಟ್ ಹಾಕಿ, ಕ್ಲಚ್ ಬೇರಿಂಗನ್ನೂ ಪರಿಶೀಲಿಸುವುದು ಜಾಣತನ. ಸೋರಿಕೆ ನಿಲ್ಲಿಸುವುದಾಗಿ ಹೇಳಿ ಮಾರುವ ದ್ರಾವಣಗಳು ಗಡುಸಾದ ರಬ್ಬರನ್ನು ಉಬ್ಬಿಸಿ ಕೆಲದಿನ ತಡೆಯಬಹುದಷ್ಟೆ; ಹರಿದ ತುಟಿಯನ್ನು ಹೊಲಿಯಲಾರವು. ಬೆಲ್ ಹೌಸಿಂಗಿನ ತಳದಲ್ಲಿ ನೀರು ಇಳಿಯುವ ಸಣ್ಣ ರಂಧ್ರವಿದ್ದರೆ ಅದರ ಕೆಸರನ್ನೂ ಇದೇ ಸಮಯದಲ್ಲಿ ತೆಗೆಯಬೇಕು. ಅದು ಮುಚ್ಚಿಕೊಂಡರೆ ಹಳ್ಳ ದಾಟುವಾಗ ಒಳಹೊಕ್ಕ ನೀರು ಅಲ್ಲಿಯೇ ನಿಲ್ಲುತ್ತದೆ, ಮುಂದಿನ ಸೋರಿಕೆಯ ಹನಿಯೂ ಹೊರಗೆ ಕಾಣಿಸಿಕೊಳ್ಳುವುದಿಲ್ಲ.