ಸೈಕಲ್ಲಿಗೆ ಹತ್ತಿರದ ದಾರಿ ಯಾವುದು?

ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ಸೊಗಸಾದ ಸೈಕಲ್ ದಾರಿಯಿದೆ. ಪ್ರವಾಸಿಗಳು ಸಾಮಾನ್ಯವಾಗಿ ಪಾಸೌನಿಂದಲೇ ಹೊರಡುತ್ತಾರೆ. ನದಿ ಇಳಿಯುವ ದಿಕ್ಕಾದ್ದರಿಂದ ತುಳಿಯುವುದು ಸಲೀಸು ಎಂಬ ಎಣಿಕೆ. ಆದರೆ 300 ಕಿ.ಮೀ.ಗೂ ಮಿಕ್ಕ ಈ ಹಾದಿಯಲ್ಲಿ ನದಿ ಇಳಿಯುವುದು ಸುಮಾರು 150 ಮೀಟರ್, ಅಂದರೆ ಕಿಲೋಮೀಟರಿಗೆ ಅರ್ಧ ಮೀಟರ್. ಅಷ್ಟು ಇಳಿಜಾರು ಕಾಲಿಗೆ ಗೊತ್ತೇ ಆಗದು. ನಿಜವಾಗಿ ನೆರವಾಗುವುದು ಬೆನ್ನ ಹಿಂದಿನ ಗಾಳಿ. ಆ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಗಂಟೆಗೆ 15 ಕಿ.ಮೀ. ವೇಗದ ಸವಾರನಿಗೆ 20 ಕಿ.ಮೀ. ವೇಗದ ಗಾಳಿ ಎದುರಾದರೆ, ಗಾಳಿಯ ತಡೆ ಐದು ಪಟ್ಟಿಗೂ ಮೀರುತ್ತದೆ. ನಕಾಶೆಯಲ್ಲಿ ನದಿ ಕಾಣುತ್ತದೆ, ಗಾಳಿ ಕಾಣುವುದಿಲ್ಲ.

ಹಾಗಾದರೆ ಫೋನಿನ ಆ್ಯಪ್ ದಾರಿ ಹುಡುಕುವಾಗ ಏನನ್ನು ಲೆಕ್ಕ ಹಾಕುತ್ತದೆ? 1956ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ತರುಣ, ಮದುವೆಯಾಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು, ಕಾಫಿಗೆಂದು ಕೂತಿದ್ದರು. ರಾಟರ್‌ಡಾಮಿನಿಂದ ಗ್ರೋನಿಂಗೆನ್‌ಗೆ ಅತಿ ಹತ್ತಿರದ ದಾರಿ ಕಂಡುಹಿಡಿಯುವುದು ಹೇಗೆ ಎಂಬ ಸಮಸ್ಯೆಯನ್ನು ಕಾಗದ, ಪೆನ್ಸಿಲ್ ಇಲ್ಲದೆ ಇಪ್ಪತ್ತೇ ನಿಮಿಷದಲ್ಲಿ ಬಿಡಿಸಿದರು. ಹೊರಟ ಊರಿನಿಂದ ನೀರು ಚೆಲ್ಲಿದಂತೆ ಹುಡುಕಾಟ ಹರಡುತ್ತದೆ. ಪ್ರತಿ ಹೆಜ್ಜೆಯಲ್ಲೂ, ಈವರೆಗೆ ಅತಿ ಕಡಿಮೆ ವೆಚ್ಚದಲ್ಲಿ ತಲುಪಬಹುದಾದ ಊರನ್ನು ಖಾಯಂ ಮಾಡಿಕೊಂಡು, ಅಲ್ಲಿಂದ ಮುಂದಕ್ಕೆ ಚಾಚುತ್ತದೆ. 1959ರಲ್ಲಿ ಪ್ರಕಟವಾದ ಈ ವಿಧಾನವೇ, ನಾನಾ ಸುಧಾರಣೆಗಳೊಂದಿಗೆ, ಇಂದಿನ ದಾರಿ ಹುಡುಕಾಟದ ಬೇರು.

ಇಲ್ಲಿ ‘ವೆಚ್ಚ’ ಎಂಬ ಮಾತೇ ಮುಖ್ಯ. ಕಾರಿಗೆ ಅದು ನಿಮಿಷ. ಸೈಕಲ್ಲಿಗೆ ಏರು, ನೆಲ, ವಾಹನಗಳ ದಟ್ಟಣೆ ಎಲ್ಲವೂ ಸೇರಬೇಕು. ಸವಾರ, ಸೈಕಲ್, ಚೀಲ ಒಟ್ಟು 90 ಕಿಲೋ ಎಂದುಕೊಳ್ಳಿ. 100 ಮೀಟರ್ ಎತ್ತರ ಹತ್ತಲು ಬೇಕಾದ ಶಕ್ತಿಯಲ್ಲಿ ಸಮತಟ್ಟಿನ ಮೇಲೆ ನಿಧಾನವಾಗಿ ಸುಮಾರು 7 ಕಿ.ಮೀ. ಹೋಗಬಹುದು. ಗುಡ್ಡ ಹಾಯುವ 10 ಕಿ.ಮೀ.ಗಿಂತ ಗುಡ್ಡ ಬಳಸುವ 15 ಕಿ.ಮೀ. ಎಷ್ಟೋ ಸಲ ‘ಹತ್ತಿರ’ವಾಗುವುದು ಹೀಗೆ.

ಎತ್ತರದ ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತುತ್ತಾ ರೇಡಾರ್‌ನಿಂದ ಭೂಮಿಯ ಏರಿಳಿತ ಅಳೆಯಿತು. ಇಂದಿಗೂ ಅನೇಕ ನಕಾಶೆಗಳು ಆ ಅಳತೆಯನ್ನೇ ನೆಚ್ಚಿವೆ. ಅದರಲ್ಲಿ ಒಂದು ಚುಕ್ಕೆಗೂ ಇನ್ನೊಂದಕ್ಕೂ ಸುಮಾರು 30 ಮೀಟರ್ ಅಂತರ. ಕಡಿದಾದ ಕಣಿವೆಯಲ್ಲಿ ನದಿ ಪಕ್ಕದ ಸಪಾಟು ದಾರಿಗೂ ಬಂಡೆಯ ಎತ್ತರ ಅಂಟಿಕೊಂಡು, ಇಲ್ಲದ ಏರಿಳಿತ ತೋರುತ್ತದೆ. ದಟ್ಟ ಕಾಡಿನಲ್ಲಿ ಮರದ ತಲೆಯೇ ನೆಲವೆನಿಸಿಬಿಡುತ್ತದೆ. 60 ಡಿಗ್ರಿ ಉತ್ತರ ಅಕ್ಷಾಂಶದಾಚೆ ಆ ನೌಕೆ ಅಳೆಯಲೇ ಇಲ್ಲ. ನಾರ್ವೆಯ ಬಹುಭಾಗ ಹೊರಗುಳಿಯಿತು.  

ನೆಲ ಡಾಂಬರೋ ಜಲ್ಲಿಯೋ ಎಂಬುದನ್ನು ಯಾವ ರೇಡಾರ್ ನಕಾಶೆಯೂ ಹೇಳದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ವಿವರ ತುಂಬಿದವರು ಸ್ವಂತ ಆಸಕ್ತಿಯಿಂದ ದುಡಿಯುವ ಜನ. ಅವರ ಕೈ ಸೋಕದ ಹಾದಿಯಲ್ಲಿ ಆ್ಯಪ್ ಬರೀ ಊಹಿಸುತ್ತದೆ.

ಮೊದಲ ಸಲ ಹೊರದೇಶದಲ್ಲಿ ಸೈಕಲ್ ಹತ್ತುವವರಿಗೆ ನಾನು ಹೇಳುವುದು ಬೆಲ್ಜಿಯಂ, ನೆದರ್ಲೆಂಡ್ಸ್‌ನ ಹೆಸರನ್ನೇ. ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಗಣಿ ಎಂಜಿನಿಯರ್ ಹ್ಯೂಗೊ ಬೊಲೆನ್ ಯೋಚಿಸಿದ ಒಂದು ಏರ್ಪಾಡು 1995ರಲ್ಲಿ ಜಾರಿಗೆ ಬಂತು. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದೊಂದು ಸಂಖ್ಯೆ, ಅಲ್ಲಿ ನಿಂತರೆ ಮುಂದಿನ ಸಂಖ್ಯೆಗಳತ್ತ ಬಾಣದ ಗುರುತು. ಡಚ್ ಭಾಷೆಯಲ್ಲಿ ಈ ಜಾಗಕ್ಕೆ ಕ್ನೋಪ್‌ಪುಂಟ್ ಎನ್ನುತ್ತಾರೆ. ಕ್ನೋಪ್ ಎಂದರೆ ಗಂಟು. ಡೈಕ್‌ಸ್ಟ್ರಾ ಮನಸ್ಸಿನಲ್ಲೇ ಹೆಣೆದಿದ್ದ ಗಂಟುಗಳ ಬಲೆಯನ್ನೇ ನೆಲದ ಮೇಲೆ ಹಾಸಿದಂತಿದೆ. ಆದರೆ ಇಲ್ಲಿ ಯಾವ ಗಂಟಿನಿಂದ ಯಾವ ಗಂಟಿಗೆ ಯಾವ ದಾರಿ ಎಂಬುದನ್ನು ಸೈಕಲ್ ಸವಾರಿಯನ್ನೇ ಮನಸ್ಸಿನಲ್ಲಿಟ್ಟು ಮನುಷ್ಯರು ಮೊದಲೇ ಆರಿಸಿಟ್ಟಿದ್ದಾರೆ. ಬೆಳಿಗ್ಗೆ ಗಾಳಿ ಯಾವ ಕಡೆಯದೆಂದು ನೋಡಿ, ಏಳೆಂಟು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಸಂಜೆಯವರೆಗೆ ಫೋನ್ ತೆಗೆಯಬೇಕಿಲ್ಲ.