ಮೂರು ಹುಲಿ, ಹದಿನೈದು ಕುರಿ

ಆನೆಗೊಂದಿ ಕಡೆಯಿಂದ ತುಂಗಭದ್ರೆ ದಾಟಿ ಹಂಪಿಗೆ ಹೋಗುವವರೆಲ್ಲ ತಲೆ ಎತ್ತಿಕೊಂಡೇ ತಿರುಗುತ್ತಾರೆ. ಗೋಪುರ, ಕಂಬ, ಕಲ್ಲಿನ ತೇರು ನೋಡಿ ಮುಗಿಯುವುದರೊಳಗೆ ಬಸ್ಸಿನ ಹೊತ್ತಾಗಿರುತ್ತದೆ. ಆದರೆ ಹಂಪಿಯ ಇನ್ನೊಂದು ಬಗೆಯ ಕೆತ್ತನೆ ಇರುವುದು ಕಾಲ ಕೆಳಗೆ. ಮಂಟಪದ ನೆಲಹಾಸಿನ ಮೇಲೆ, ಜಗಲಿಯ ಅಂಚಿನಲ್ಲಿ, ಹಾಸುಬಂಡೆಯ ಮೇಲೆ ಗೀರಿದ ಚೌಕಗಳು, ತ್ರಿಕೋನಗಳು, ಎರಡು ಸಾಲಿನ ಕುಳಿಗಳು. ಇವೆಲ್ಲ ಆಟದ ಮನೆಗಳು. ವಿಜಯನಗರದ ಅವಶೇಷಗಳಲ್ಲಿರುವ ಇಂಥ ಆಟದ ಮನೆಗಳ ಸಮೀಕ್ಷೆ ಮಾಡಿ ವಿದ್ವಾಂಸರಾದ ಆರ್. ವಸಂತಾ 2003ರಲ್ಲಿ ಪ್ರಬಂಧವೊಂದನ್ನೇ ಪ್ರಕಟಿಸಿದ್ದಾರೆ.

ಇವನ್ನು ಗೀರಿದವರು ಯಾರು? ರಾಜರಾಣಿಯರು ಆಡಿದ್ದು ಎಂದು ಹೇಳಿಬಿಟ್ಟರೆ ಕೇಳುವವರಿಗೆ ಖುಷಿ. ನನಗೆ ಆ ಮಾತಿನಲ್ಲಿ ನಂಬಿಕೆ ಕಡಿಮೆ. ರಾಜನಾದವನು ಹಾದಿಬದಿಯ ಜಗಲಿಯ ಮೇಲೆ ಉಳಿ ಹಿಡಿದು ಗೆರೆ ಕೊರೆಯುತ್ತಾ ಕೂರಬೇಕಾದ ಅಗತ್ಯವೇನಿತ್ತು? ಗೆರೆಗಳ ಓರೆಕೋರೆ ನೋಡಿದರೆ ಮಧ್ಯಾಹ್ನದ ಬಿಸಿಲಿಗೆ ಕೆಲಸ ನಿಲ್ಲಿಸಿದ ಕಲ್ಲುಕುಟಿಗರು, ಪಹರೆಯವರು, ಗಿರಾಕಿ ಬಾರದ ವ್ಯಾಪಾರಿಗಳು, ಪಟ್ಟಣ ಹಾಳಾದ ಮೇಲೆ ಅಲ್ಲಿ ದನ-ಕುರಿ ಮೇಯಿಸಿದವರು ನೆನಪಾಗುತ್ತಾರೆ. ಕಲ್ಲಿಗೆ ವಯಸ್ಸಿದೆ, ಅದರ ಮೇಲಿನ ಗೀರಿಗೆ ವಯಸ್ಸು ಹೇಳುವುದು ಕಷ್ಟ. ಗುಡಿ ಕಟ್ಟಿದ ಮರುದಿನ ಗೀರಿದ್ದೋ, ಮುನ್ನೂರು ವರ್ಷದ ಮೇಲೆ ಗೀರಿದ್ದೋ ನೋಡಿದವರಿಗೆ ತಿಳಿಯುವುದಿಲ್ಲ.

ಈ ಮನೆಗಳಲ್ಲಿ ಆಡುವ ಇಬ್ಬರ ಆಟಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಹುಲಿ-ಕುರಿ. ಕೆಲವರು ಇದನ್ನು ಹುಲಿಮನೆ ಎನ್ನುತ್ತಾರೆ, ಕೆಲವರು ಆಡು-ಹುಲಿ. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲ, ಕುರುಚಲು ಗುಡ್ಡಗಳಲ್ಲಿ ಕುರಿ ಕಾಯುವವರ ಬದುಕಿಗೆ ಇದು ತೀರಾ ಹತ್ತಿರದ ಆಟ, ಹುಲಿಯನ್ನೊಂದು ಬಿಟ್ಟು. ಈ ಸೀಮೆಯ ಕುರಿಗಾರರಿಗೆ ಕಾಟ ಕೊಡುವುದು ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ವನ್ಯಧಾಮವಿದೆ. ಆದರೂ ಆಟದೊಳಗೆ ತೋಳಕ್ಕೆ ಜಾಗ ಸಿಗಲಿಲ್ಲ, ಹುಲಿಯೇ ಉಳಿಯಿತು.

ಆಟ ಕಲಿಯಲು ಬೇಕಾದದ್ದು ಒಂದು ಬಳಪ, ಮೂರು ದೊಡ್ಡ ಹರಳು, ಹದಿನೈದು ಹುಣಸೆ ಬೀಜ. ಮೊದಲು ಒಂದು ತ್ರಿಕೋನ ಬರೆಯಬೇಕು. ಅದರ ತುದಿಯಿಂದ ಬುಡಕ್ಕೆ ಒಳಗಡೆ ಇನ್ನೆರಡು ಗೆರೆ ಎಳೆದರೆ ಇಳಿಗೆರೆಗಳು ನಾಲ್ಕಾದವು. ಆಮೇಲೆ ತ್ರಿಕೋನದ ನಡುವೆ ಮೂರು ಅಡ್ಡಗೆರೆ, ಎರಡೂ ಬದಿಗೆ ತ್ರಿಕೋನದಿಂದ ಸ್ವಲ್ಪ ಹೊರಚಾಚುವಂತೆ. ಚಾಚಿದ ತುದಿಗಳನ್ನು ಆ ಬದಿಗೊಂದು ಈ ಬದಿಗೊಂದು ಉದ್ದಗೆರೆಯಿಂದ ಕೂಡಿಸಿದರೆ ತ್ರಿಕೋನದ ಮೇಲೆ ಒಂದು ಆಯತ ಕೂತಂತಾಗುತ್ತದೆ. ತುದಿಯಲ್ಲಿ ಒಂದು, ಪ್ರತಿ ಅಡ್ಡಗೆರೆಯಲ್ಲಿ ಆರಾರರಂತೆ ಹದಿನೆಂಟು, ಬುಡದಲ್ಲಿ ನಾಲ್ಕು, ಹೀಗೆ ಗೆರೆಗಳು ಕೂಡುವ ಜಾಗ ಒಟ್ಟು 23. ಕಾಯಿ ಇಡುವುದು ಈ ಕೂಡುಗಳ ಮೇಲೆ, ಅಂಕಣದ ಒಳಗಲ್ಲ.

ಒಂದು ಹುಲಿ ತ್ರಿಕೋನದ ತುದಿಯಲ್ಲಿ, ಇನ್ನೆರಡು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಎರಡು ಕೂಡುಗಳಲ್ಲಿ ಕೂರುತ್ತವೆ. ಕುರಿಯವನು ಒಂದು ಕುರಿ ಇಡುತ್ತಾನೆ, ಹುಲಿಯವನು ಒಂದು ಹುಲಿಯನ್ನು ಪಕ್ಕದ ಕೂಡಿಗೆ ನಡೆಸುತ್ತಾನೆ. ಹದಿನೈದೂ ಕುರಿಗಳು ಕಣಕ್ಕಿಳಿಯುವವರೆಗೆ ಇಟ್ಟ ಕುರಿ ಕದಲುವಂತಿಲ್ಲ. ಪಕ್ಕದಲ್ಲಿ ಕುರಿ ಇದ್ದು, ಅದೇ ಗೆರೆಯಲ್ಲಿ ಅದರ ಆಚೆಯ ಕೂಡು ಖಾಲಿಯಿದ್ದರೆ ಹುಲಿ ಅದರ ಮೇಲೆ ಹಾರಿ ತಿನ್ನುತ್ತದೆ. ಎರಡು ಕುರಿ ಬೆನ್ನಿಗೆ ಬೆನ್ನು ಹಚ್ಚಿ ನಿಂತರೆ ಹಾರುವಂತಿಲ್ಲ. ಮೂರೂ ಹುಲಿಗಳಿಗೆ ಅಲುಗಾಡಲು ದಾರಿ ಇಲ್ಲದಂತೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ಕಟ್ಟಲು ಸಾಲದಷ್ಟು ಕುರಿ ಹೊಟ್ಟೆಗೆ ಹೋದರೆ ಹುಲಿ ಗೆದ್ದಿತು. ಆಟದಲ್ಲಿ ದಾಳವಿಲ್ಲ, ಕವಡೆ ಇಲ್ಲ. ಸೋತವನು ದೈವವನ್ನು ದೂರುವಂತಿಲ್ಲ.

ಹೊಸಬರು ಹುಲಿಯನ್ನೇ ಕೇಳುತ್ತಾರೆ, ತಿನ್ನುವ ಸಂಭ್ರಮ ಅದರಲ್ಲಿದೆ. ನನ್ನ ಮಾತು ಕೇಳುವುದಾದರೆ ಕುರಿಯಿಂದ ಶುರು ಮಾಡಿ. ಆಟದ ಬುದ್ಧಿಯೆಲ್ಲ ಇರುವುದು ಅಲ್ಲಿ. 23 ಕೂಡುಗಳಲ್ಲಿ ಹುಲಿ ಯಾವ ದಿಕ್ಕಿನಿಂದಲೂ ಹಾರಲಾಗದ ಕೂಡುಗಳು ಕೆಲವಿವೆ: ಆಯತದ ನಾಲ್ಕು ಮೂಲೆ, ತ್ರಿಕೋನದ ಬುಡದ ಎರಡು ತುದಿ. ಅಲ್ಲಿಂದಾಚೆಗೆ ಗೆರೆಯೇ ಇಲ್ಲವಾದ್ದರಿಂದ ಹಾರಿದ ಹುಲಿಗೆ ಇಳಿಯಲು ನೆಲೆಯಿಲ್ಲ. ತ್ರಿಕೋನದ ನೆತ್ತಿಯೂ ಹಾಗೆಯೇ, ಆದರೆ ಅಲ್ಲಿ ಮೊದಲೇ ಹುಲಿ ಕೂತಿರುತ್ತದೆ. ಹಾಗಾಗಿ ಮೊದಲ ಆರು ಕುರಿಗಳಿಗೆ ಸಾಮಾನ್ಯವಾಗಿ ಭಯವಿಲ್ಲ. ನಿಜವಾದ ಆಟ ಶುರುವಾಗುವುದು ಏಳನೆಯ ಕುರಿಯಿಂದ. ಮೂಲೆಯ ಕುರಿ ಜೀವ ಉಳಿಸಿಕೊಳ್ಳುತ್ತದೆಯೇ ಹೊರತು ಹುಲಿಯನ್ನು ತಡೆಯುವುದಿಲ್ಲ. ಒಂದಲ್ಲ ಒಂದು ಕುರಿ ನಡುವಿಗೆ ಇಳಿಯಲೇಬೇಕು, ಅದರ ಬೆನ್ನಿಗೆ ಇನ್ನೊಂದು ಇರಬೇಕು. ಹೊಲಕ್ಕೆ ಬೇಲಿ ಹಾಕುವವರ ಹಾಗೆ ಅಂಚಿನಿಂದ ಒಳಕ್ಕೆ, ಸಂದು ಬಿಡದೆ ಬರಬೇಕು.

ಕುರಿ ಹಿಡಿದ ಹುಡುಗ ಅವಸರ ಮಾಡಿದರೆ ಎದುರು ಕೂತ ಅಜ್ಜ ಅನ್ನುವುದು ಇಷ್ಟೇ: “ಯಾಕ ಗಡಬಡಿ ಮಾಡ್ತಿ ತಮ್ಮಾ? ಹಿಂದ ಜಾಗಾ ಖಾಲಿ ಐತಿ ನೋಡು.” ಅಷ್ಟರಲ್ಲಿ ಕುರಿ ಹೋಗಿರುತ್ತದೆ. “ಈ ಸಲ ಹುಲಿ ನನಗ ಕೊಡ್ರಿ ಅಜ್ಜಾರ” ಎನ್ನುತ್ತಾನೆ ಹುಡುಗ. ಹುಲಿ ಸಿಕ್ಕ ಮೇಲೆ ಅದರ ಕಷ್ಟವೂ ಗೊತ್ತಾಗುತ್ತದೆ. ಒಂದು ಕುರಿಯೂ ಸಾಯದೆ ಹದಿನೈದೂ ಕಣಕ್ಕಿಳಿದರೆ ಹುಲಿ, ಕುರಿ ಸೇರಿ ಹದಿನೆಂಟಾಯಿತು. ಖಾಲಿ ಉಳಿಯುವುದು ಬರೀ ಐದು ಕೂಡು. ಅಷ್ಟು ಇಕ್ಕಟ್ಟಿನಲ್ಲಿ ಹುಲಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಹುಲಿಯವನು ಕುರಿ ಇಡುವ ಹೊತ್ತಿನಲ್ಲಿಯೇ ಎರಡು ಮೂರನ್ನಾದರೂ ತಿಂದಿರಬೇಕು. ತಿನ್ನುವ ಆಸೆಗೆ ಮೂಲೆಗೆ ಹಾರಿದರೆ ಕೆಟ್ಟ. ಮೂಲೆಯಿಂದ ಹೊರಬೀಳಲು ಇರುವುದು ಎರಡೇ ದಾರಿ, ತ್ರಿಕೋನದ ನೆತ್ತಿಯಿಂದ ನಾಲ್ಕು. ಹುಲಿಗಳು ಒತ್ತೊತ್ತಾಗಿ ನಿಂತರೂ ಒಂದರ ಹಾದಿಗೆ ಇನ್ನೊಂದು ಅಡ್ಡ.

ಆಟಕ್ಕೆ ಕೂರುವ ಮೊದಲು ಒಂದೆರಡು ಮಾತು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಊರಿಗೊಂದು ಕಟ್ಟಳೆ. ಎಷ್ಟು ಕುರಿ ತಿಂದರೆ ಹುಲಿ ಗೆದ್ದ ಹಾಗೆ, ಐದೋ ಆರೋ? ಸಿಕ್ಕ ಕುರಿಯನ್ನು ಹುಲಿ ತಿನ್ನಲೇಬೇಕೋ, ಬಿಡಬಹುದೋ? ಒಂದು ಹುಲಿ ಸಿಕ್ಕಿಬಿದ್ದರೆ ಅದನ್ನು ಎತ್ತಿಬಿಡುವುದೋ, ಮೂರೂ ಸಿಕ್ಕುವವರೆಗೆ ಕಾಯುವುದೋ? ಇವನ್ನು ನಡುವೆ ಕೇಳಿದರೆ ಜಗಳ ಖಚಿತ.

ಹುಲಿ-ಕುರಿಯ ಅಣ್ಣತಮ್ಮಂದಿರು ದೂರದೂರದಲ್ಲಿದ್ದಾರೆ. ನೇಪಾಳದ ಬಾಘ್‌ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸಮದಲ್ಲಿ ಮುಗಿಯುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದರೊಳಗೊಂದು ಮೂರು ಚೌಕ ಬರೆದು, ಒಬ್ಬೊಬ್ಬರಿಗೆ ಒಂಬತ್ತು ಕಾಯಿ ಹಂಚಿಕೊಂಡು, ಮೂರು ಕಾಯಿ ಸಾಲು ಕೂಡಿದಾಗಲೆಲ್ಲ ಎದುರಾಳಿಯ ಒಂದು ಕಾಯಿ ಎತ್ತುವ ಸಾಲುಮನೆ ಆಟದ್ದೂ ಇದೇ ಕಥೆ. ಅದು ಸಮದ ಆಟವೆಂದು 1993ರಲ್ಲಿ ರಾಲ್ಫ್ ಗ್ಯಾಸರ್ ಸಾಧಿಸಿದರು. ಸಾಲುಮನೆಯ ಗೀರುಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಲ್ಲಿನ ಆಸನಗಳ ಮೇಲೂ ಇವೆ. ಹೊತ್ತು ಹೋಗದವರು ಎಲ್ಲ ದೇಶದ ದೇವರ ಮನೆಗಳಲ್ಲೂ ಇದ್ದರು ಎಂದಾಯಿತು.

ನಮ್ಮಲ್ಲಿ ಈ ಆಟಗಳನ್ನು ಗಂಭೀರವಾಗಿ ತೆಗೆದುಕೊಂಡವರು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು. ಬೇರೆ ಬೇರೆ ಊರಿನ ಕುಶಲಕರ್ಮಿಗಳಿಂದ ಹಳೆಯ ಆಟಗಳ ಹಾಸು, ಕಾಯಿಗಳನ್ನು ಮಾಡಿಸಿ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದ್ದಾರೆ. ಮೈಸೂರಿಗೆ ಇದರಲ್ಲಿ ಪರಂಪರೆಯೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಒಂದನ್ನು, ಕೌತುಕನಿಧಿಯನ್ನು, ಆಟಗಳಿಗೇ ಮೀಸಲಿಟ್ಟರು.

ಕೊಪ್ಪಳಕ್ಕೆ ಅಂಥ ಅರಸು ಆಸ್ಥಾನವಿಲ್ಲ, ಇರುವುದು ಬೇರೆಯೇ ಬಂಡವಾಳ. ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕೊಪ್ಪಳದ ಮಗ್ಗುಲಲ್ಲೇ ಇರುವ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಕೊಡುವ ಕೆಲಸದಲ್ಲಿ ತಲೆಮಾರುಗಳಿಂದ ಪಳಗಿದವರು. ಮೂರು ಹುಲಿ, ಹದಿನೈದು ಕುರಿ ಅವರ ಕೈಗೆ ದೊಡ್ಡ ಕೆಲಸವಲ್ಲ. ಜಿಲ್ಲೆಯ ಶಾಲೆಗಳು ಒಂದೊಂದು ಹಾಸು ಕೊಂಡರೂ ಕುಶಲಕರ್ಮಿಗೂ ಕೆಲಸ, ಮಕ್ಕಳಿಗೂ ಆಟ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಯಾರಾದರೂ ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಸಾಕು.

ಅಲ್ಲಿಯವರೆಗೆ ಮನೆಯ ಕಟ್ಟೆಯ ಮೇಲೆ, ಶಾಲೆಯ ಜಗಲಿಯ ಮೇಲೆ ಬಳಪದಿಂದ ಬರೆದುಕೊಂಡು ಆಡಿ. ಹಂಪಿ, ಆನೆಗೊಂದಿ, ಇಟಗಿಗೆ ಹೋದಾಗ ನೆಲದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಆದರೆ ಅಲ್ಲಿ ಹೊಸದಾಗಿ ಗೀರಲು ಹೋಗಬೇಡಿ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಕಾನೂನಿನ ಪ್ರಕಾರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.